ಕೇಳಿದರೆ ಪುಟ ಹೇಳುತ್ತದೆ

ಇನ್ಸರ್ಟ್ ಕೀ ಹಿಡಿದುಕೊಂಡು ಎಫ್ ಒತ್ತಿದರೆ ನನ್ನ ಕಂಪ್ಯೂಟರ್ ಒಂದೇ ಉಸಿರಿಗೆ ಒಪ್ಪಿಸುತ್ತದೆ. ಟೈಮ್ಸ್ ನ್ಯೂ ರೋಮನ್, 14 ಪಾಯಿಂಟ್, ಬೋಲ್ಡ್, ಕಪ್ಪು, ಹೆಡ್ಡಿಂಗ್ 2, ಅಲೈನ್ ಲೆಫ್ಟ್. ಕರ್ಸರ್ ಎಲ್ಲಿ ನಿಂತಿದೆಯೋ ಅಲ್ಲಿಯ ಜಾತಕ ಪೂರ್ತಿ. ಎಫ್ ಅನ್ನು ಬೇಗ ಬೇಗ ಎರಡು ಸಲ ಒತ್ತಿದರೆ ಇದೇ ವಿವರ ಒಂದು ಪುಟ್ಟ ವಿಂಡೋದಲ್ಲಿ ಬಂದು ಕೂರುತ್ತದೆ, ಆರಾಮಾಗಿ ಸಾಲು ಸಾಲಾಗಿ ಓದಿಕೊಳ್ಳಬಹುದು. ನನ್ನ ಕೀಬೋರ್ಡಿನಲ್ಲಿ ಎಲ್ಲಕ್ಕಿಂತ ಮೊದಲು ಸವೆಯೋದು ಈ ಎರಡು ಕೀಗಳೇ.

ನಾನು ಹುಟ್ಟು ಕುರುಡ. ಮೈಸೂರಿನ ಕುವೆಂಪುನಗರದಲ್ಲಿ ಕೂತು ಬೇರೆಯವರ ಫೈಲುಗಳನ್ನು ವರ್ಡ್‌ನಲ್ಲಿ ಓರಣ ಮಾಡಿಕೊಡೋದು ನನ್ನ ಹೊಟ್ಟೆಪಾಡು. ಜಾಸ್ತಿ ಬರೋದು ಪಿಎಚ್‌ಡಿ ಪ್ರಬಂಧಗಳು. ಊರಲ್ಲಿ ವಿಶ್ವವಿದ್ಯಾಲಯ ಇದ್ದಮೇಲೆ ಪ್ರಬಂಧಗಳಿಗೆ ಬರ ಇಲ್ಲ. ಜೊತೆಗೆ ಸಂಘಗಳ ವಾರ್ಷಿಕ ವರದಿ, ಕಾಲೇಜುಗಳ ಸ್ಮರಣ ಸಂಚಿಕೆ, ಅಪರೂಪಕ್ಕೊಂದು ಪುಸ್ತಕ. ಭಾವನದು ಒಂದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ ಇದೆ, ಗಿರಾಕಿಗಳು ಬರೋದು ಅಲ್ಲಿಂದ. ಹೊಸಬರು ಬಂದಾಗಲೆಲ್ಲ ಭಾವ "ಸೆಟ್ಟಿಂಗ್ ಎಲ್ಲ ನಮ್ಮ ಬಾಮೈದ ನೋಡ್ಕೋತಾನೆ" ಅಂತಲೇ ಹೇಳೋದು. ನೋಡ್ಕೋತಾನೆ ಅಂದವನನ್ನು ನೋಡೋಕೆ ಅವರು ಮನೆಗೆ ಬರುತ್ತಾರೆ. ಆಮೇಲೆ ಸ್ವಲ್ಪ ಹೊತ್ತು ಮಾತಿರೋದಿಲ್ಲ.

ಅವರ ಅನುಮಾನ ನನಗೆ ಅರ್ಥ ಆಗುತ್ತದೆ. ಪುಟದ ಅಂದಚಂದ ಅಂದರೆ ಕಣ್ಣಿನ ಕೆಲಸ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ನಾನು ಹಾಗೆ ಅಂದುಕೊಂಡಿಲ್ಲ. ಅರ್ಧ ಕಣ್ಣಿನ ಕೆಲಸ ಇರಬಹುದು. ಇನ್ನರ್ಧ ವಿಚಾರಿಸೋ ಕೆಲಸ. ಈ ಸಾಲು ಏನು, ಇದಕ್ಕೂ ಮೇಲಿನದಕ್ಕೂ ಏನು ಸಂಬಂಧ, ಇದು ಇಲ್ಲಿ ಯಾಕಿದೆ ಅಂತ ಫೈಲನ್ನು ಕೇಳೋದು. ಕಣ್ಣಿದ್ದವರು ಕೇಳೋದೇ ಇಲ್ಲ, ಕಂಡರೆ ಸಾಕು ಅಂತ ಮುಂದಕ್ಕೆ ಹೋಗುತ್ತಾರೆ. ನನಗೆ ಕೇಳದೆ ಬೇರೆ ದಾರಿ ಇಲ್ಲ.

ಪರದೆ ಮೇಲಿರೋದನ್ನು ದನಿಯಲ್ಲಿ ಓದಿ ಹೇಳೋ ಸಾಫ್ಟ್‌ವೇರಿಗೆ ಸ್ಕ್ರೀನ್ ರೀಡರ್ ಅನ್ನುತ್ತಾರೆ. ನಾನು ಬಳಸೋದು ಎನ್‌ವಿಡಿಎ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಇದನ್ನು ಶುರು ಮಾಡಿದರು. ಅವರಿಗೂ ಕಣ್ಣು ಕಾಣೋದಿಲ್ಲ. ಆಮೇಲೆ ಜೇಮ್ಸ್ ಟೆ ಜೊತೆಗೂಡಿದರು, ಅವರೂ ಅಂಧರೇ. ತಮಗೆ ಬೇಕಾದದ್ದನ್ನು ತಾವೇ ಬರೆದುಕೊಂಡು ಲೋಕಕ್ಕೆಲ್ಲ ಪುಕ್ಕಟೆ ಕೊಟ್ಟರು. ಅದಕ್ಕೂ ಮುಂಚೆ ಇದ್ದದ್ದು ಜಾಸ್ ಅನ್ನೋ ಸ್ಕ್ರೀನ್ ರೀಡರ್, ದುಡ್ಡು ಕೊಟ್ಟು ಕೊಳ್ಳಬೇಕಾದದ್ದು. ಒಳ್ಳೆಯ ಸಾಫ್ಟ್‌ವೇರ್, ಅದರಲ್ಲಿ ಎರಡು ಮಾತಿಲ್ಲ, ಆದರೆ ಅದರ ಬೆಲೆಗೆ ನಮ್ಮ ಕಡೆ ಇನ್ನೊಂದು ಕಂಪ್ಯೂಟರ್ರೇ ಬರುತ್ತದೆ. ಮೈಸೂರಿನ ಒಬ್ಬ ಕುರುಡ ಮನೆಯಲ್ಲಿ ಕೂತು ಪ್ರಬಂಧ ಸೆಟ್ ಮಾಡಿ ಕಾಸು ಸಂಪಾದಿಸುತ್ತಾನೆ ಅಂದರೆ ಅದರಲ್ಲಿ ಆ ಪುಕ್ಕಟೆ ಅನ್ನೋದರ ಪಾಲು ದೊಡ್ಡದು.

ನಮ್ಮೂರಿಗೆ ಈ ವಿಷಯದಲ್ಲಿ ಹಳೆಯ ನಂಟಿದೆ. ಮೈಸೂರಿನಲ್ಲಿ ಕಿವುಡ ಮತ್ತು ಅಂಧ ಮಕ್ಕಳ ಶಾಲೆ ಶುರುವಾದದ್ದು 1901ರಲ್ಲಿ. ತಿಲಕ್‌ನಗರದಲ್ಲಿ ಈಗಲೂ ಇದೆ. ನಮ್ಮಂಥವರು ಅಕ್ಷರ ಕಲಿತದ್ದು ಬೆರಳಿನಿಂದ, ಬ್ರೈಲಿನಲ್ಲಿ. ಆರು ಚುಕ್ಕಿ, ಅದರಲ್ಲೇ ಇಡೀ ಕನ್ನಡ. ಆ ಬ್ರೈಲಿನಲ್ಲಿ ಫಾಂಟು ಅನ್ನೋದೇ ಇಲ್ಲ. ದೊಡ್ಡ ಅಕ್ಷರ ಸಣ್ಣ ಅಕ್ಷರ ಇಲ್ಲ, ಚುಕ್ಕಿಯ ಅಳತೆ ಎಲ್ಲ ಕಡೆ ಒಂದೇ, ಬೆರಳಿನ ತುದಿ ಎಷ್ಟು ದೊಡ್ಡದಿದೆಯೋ ಅದಕ್ಕೆ ತಕ್ಕಂತೆ. ತಲೆಬರಹ ಅಂದರೆ ನಡುವಿಗೆ ಸರಿದ ಒಂದು ಸಾಲು. ಪ್ಯಾರಾ ಅಂದರೆ ಶುರುವಿನಲ್ಲಿ ಎರಡು ಮನೆ ಖಾಲಿ. ಮುಗಿಯಿತು. ಹಾಗಾಗಿ ವರ್ಡ್‌ಗೆ ಬಂದಾಗ ನನಗೆ ತಲೆಬರಹ ಗೊತ್ತಿತ್ತು, ಪಟ್ಟಿ ಗೊತ್ತಿತ್ತು. ಬೋಲ್ಡ್ ಗೊತ್ತಿರಲಿಲ್ಲ.

ಬೋಲ್ಡ್ ಇವತ್ತಿಗೂ ನನಗೆ ಗೊತ್ತಿರೋದು ಜನರಿಂದಲೇ. ಕಂಟ್ರೋಲ್ ಬಿ ಒತ್ತಿದರೆ "ಬೋಲ್ಡ್ ಆನ್" ಅನ್ನುತ್ತದೆ, ಮತ್ತೆ ಒತ್ತಿದರೆ "ಬೋಲ್ಡ್ ಆಫ್". ಅದು ಬರಿ ಸುದ್ದಿ. ಅದರ ಬೆಲೆ ಗೊತ್ತಾಗೋದು ಗಿರಾಕಿಯ ದನಿಯಲ್ಲಿ. ಒಂದು ಸಂಘದ ಕಾರ್ಯದರ್ಶಿ ಇದ್ದರು, ವರದಿಯಲ್ಲಿ ದಾನಿಗಳ ಹೆಸರೆಲ್ಲ ಬೋಲ್ಡ್ ಆಗಬೇಕು ಅಂದರು. ಮಾಡಿದೆ. ಪದಾಧಿಕಾರಿಗಳದ್ದೂ ಆಗಲಿ ಅಂದರು. ಅದೂ ಆಯಿತು. ಆಮೇಲೆ ಸಭೆಯಲ್ಲಿ ಮಾತಾಡಿದವರು, ಹಾರ ಹಾಕಿದವರು, ಊಟ ಹಾಕಿಸಿದವರು. ಕೊನೆಗೆ ಪ್ರಿಂಟ್ ತೆಗೆದು ನೋಡಿ "ಯಾಕೋ ಯಾವ್ದೂ ಎದ್ದು ಕಾಣ್ತಿಲ್ವಲ್ಲ ಸಾರ್" ಅಂತ ಅವರೇ ಫೋನ್ ಮಾಡಿದರು. ಬೋಲ್ಡ್ ಬಗ್ಗೆ ನನಗಿರೋ ತಿಳುವಳಿಕೆ ಇಂಥ ಫೋನುಗಳಿಂದ ಕೂಡಿಸಿಕೊಂಡದ್ದು. ಅಂಡರ್‌ಲೈನ್ ಬಗ್ಗೆಯೂ ಅಷ್ಟೇ. ಕನ್ನಡದಲ್ಲಿ ಅಂಡರ್‌ಲೈನ್ ಹಾಕಿದರೆ ಗೆರೆ ಹೋಗಿ ಒತ್ತಕ್ಷರದ ಮೇಲೆ ಕೂರುತ್ತದಂತೆ, ಓದೋಕೆ ಕಷ್ಟವಂತೆ. ಒಬ್ಬ ಪ್ರೊಫೆಸರ್ ಹೇಳಿದ್ದು. ಅಂದಿನಿಂದ ನಾನು ಕನ್ನಡಕ್ಕೆ ಅಂಡರ್‌ಲೈನ್ ಹಾಕೋದಿಲ್ಲ, ಯಾರಾದರೂ ಕೇಳಿದರೆ ಇದೇ ಕಾರಣ ಕೊಡುತ್ತೇನೆ, ಅವರು ಪುಟ ನೋಡಿ "ಹೌದಲ್ವಾ" ಅನ್ನುತ್ತಾರೆ.

ಈಗ ಸ್ಪೇಸ್ ಬಾರ್ ವಿಷಯಕ್ಕೆ ಬರೋಣ. ನನ್ನ ಸಿಟ್ಟೆಲ್ಲ ಇರೋದು ಅಲ್ಲೇ.

ಎನ್‌ವಿಡಿಎಯಲ್ಲಿ ಡಾಕ್ಯುಮೆಂಟ್ ಫಾರ್ಮ್ಯಾಟಿಂಗ್ ಅಂತ ಒಂದು ಸೆಟ್ಟಿಂಗ್ ಇದೆ. ಇನ್ಸರ್ಟ್, ಕಂಟ್ರೋಲ್, ಡಿ ಮೂರನ್ನೂ ಸೇರಿಸಿ ಒತ್ತಿದರೆ ತೆರೆಯುತ್ತದೆ. ಫಾಂಟಿನ ಹೆಸರು ಹೇಳಬೇಕಾ, ಸೈಜ್ ಹೇಳಬೇಕಾ, ಬಣ್ಣ, ಸ್ಟೈಲು, ಸಾಲಿನ ಅಂತರ, ಒಂದೊಂದಕ್ಕೂ ಒಂದೊಂದು ಚೆಕ್ ಬಾಕ್ಸ್. ಎಲ್ಲ ಆನ್ ಮಾಡಿಟ್ಟರೆ ತಲೆ ಕೆಡುತ್ತದೆ, ಓದಬೇಕಾದ ಮಾತಿಗಿಂತ ಅದರ ವೇಷಭೂಷಣದ ವರ್ಣನೆಯೇ ಜಾಸ್ತಿ ಆಗುತ್ತದೆ. ನಾನು ಬೇಕಾದಾಗ ಆನ್ ಮಾಡಿ ಬೇಡದಾಗ ಆಫ್ ಮಾಡುತ್ತೇನೆ. ಅದರಲ್ಲಿ ಒಂದು ಇದೆ, ಸಾಲಿನ ಶುರುವಿನಲ್ಲಿ ಎಷ್ಟು ಜಾಗ ಬಿಟ್ಟಿದ್ದಾರೆ ಅಂತ ಹೇಳೋದು. ಮಾತಿನಲ್ಲೂ ಹೇಳಿಸಬಹುದು, ಸದ್ದಿನಲ್ಲೂ ಹೇಳಿಸಬಹುದು. ಸದ್ದು ಅಂದರೆ ಪೀಂ ಅಂತ ಒಂದು ಸ್ವರ, ಸ್ಪೇಸ್ ಜಾಸ್ತಿಯಾದಷ್ಟೂ ಶ್ರುತಿ ಏರುತ್ತದೆ.

ಪ್ರಬಂಧದ ಮೊದಲ ಪುಟ ತೆರೆದು ಬಾಣದ ಗುರುತಿನ ಕೀ ಒತ್ತುತ್ತಾ ಕೆಳಗಿಳಿಯುತ್ತೇನೆ. ವಿಶ್ವವಿದ್ಯಾಲಯದ ಹೆಸರು ಬರೋ ಮುಂಚೆ ಮೇಲಿನ ಷಡ್ಜದಲ್ಲಿ ಒಂದು ಪೀಂ. ಪ್ರಬಂಧದ ಹೆಸರಿಗೆ ಸ್ವಲ್ಪ ಕೆಳಗಿನ ಪೀಂ. ಸಂಶೋಧಕಿಯ ಹೆಸರಿಗೆ ಇನ್ನೂ ಮೇಲೆ. ಮಾರ್ಗದರ್ಶಕರ ಹೆಸರಿಗೆ ಬೇರೆ. ನಡುನಡುವೆ "ಬ್ಲ್ಯಾಂಕ್, ಬ್ಲ್ಯಾಂಕ್, ಬ್ಲ್ಯಾಂಕ್" ಅಂತ ಖಾಲಿ ಸಾಲುಗಳ ಮೆರವಣಿಗೆ. ಅಂದರೆ ಆ ಪುಟದಲ್ಲಿ ಒಂದು ಸಾಲೂ ನಿಜವಾಗಿ ನಡುವಿನಲ್ಲಿಲ್ಲ. ಪ್ರತಿ ಸಾಲನ್ನೂ ಸ್ಪೇಸ್ ಹೊಡೆದು ಹೊಡೆದು ಕಣ್ಣಳತೆಯಲ್ಲಿ ನಡುವಿಗೆ ತಳ್ಳಿದ್ದಾರೆ. ಕಂಟ್ರೋಲ್ ಇ ಅಂತ ಎರಡು ಕೀ ಒತ್ತಿದ್ದರೆ ಆಗುತ್ತಿತ್ತು. ಅಲುಗಾಡೋ ಬೀರುವಿನ ಕಾಲಿಗೆ ಪೇಪರ್ ಮಡಿಸಿ ಇಟ್ಟ ಹಾಗೆ. ಬೀರು ಇದ್ದಲ್ಲೇ ಇರೋವರೆಗೂ ಪರವಾಗಿಲ್ಲ.

ಬೀರು ಇದ್ದಲ್ಲೇ ಇರೋದಿಲ್ಲ. ಗೈಡ್ ನೋಡಿ "ಎಡಗಡೆ ಬೈಂಡಿಂಗಿಗೆ ಒಂದೂವರೆ ಇಂಚು ಬಿಡಿ" ಅನ್ನುತ್ತಾರೆ. ಮಾರ್ಜಿನ್ ಬದಲಿಸಿದ ಕ್ಷಣ ಎಲ್ಲ ಸಾಲೂ ಒಂದೊಂದು ದಿಕ್ಕಿಗೆ ಹೋಗುತ್ತವೆ. ಹೊಸ ಅಧ್ಯಾಯ ಹೊಸ ಪುಟಕ್ಕೆ ಬರಲಿ ಅಂತ ಎಂಟರ್ ಹೊಡೆದುಕೊಂಡು ಹೋದವರ ಕಥೆ ಇನ್ನೂ ಚೆನ್ನ. ಮುನ್ನುಡಿಯಲ್ಲಿ ಎರಡು ಸಾಲು ಸೇರಿಸಿದರೆ ಕೊನೆಯ ಅಧ್ಯಾಯದ ತಲೆಬರಹ ಪುಟದ ಮಧ್ಯಕ್ಕೆ ಬಂದು ನಿಂತಿರುತ್ತದೆ. ಆಗ ರಾತ್ರಿ ಹತ್ತು ಗಂಟೆಗೆ ಫೋನು. "ಸಾರ್, ನಾಳೆ ಸಬ್ಮಿಷನ್ನು, ಫೈಲೆಲ್ಲ ಅಲ್ಲಾಡ್ಬಿಟ್ಟಿದೆ."

ಅಲ್ಲಾಡಿದ್ದಲ್ಲ. ಮೊದಲಿನಿಂದಲೂ ಅದು ನಿಂತೇ ಇರಲಿಲ್ಲ. ಕಣ್ಣಿಗೆ ನಿಂತ ಹಾಗೆ ಕಾಣುತ್ತಿತ್ತು. ನನಗೆ ಮೊದಲ ಪುಟದ ಆ ಪೀಂ ಪೀಂ ಕೇಳಿದಾಗಲೇ ಗೊತ್ತಿರುತ್ತದೆ.

ಒಂದು ಸಲ ಮಾನಸಗಂಗೋತ್ರಿಯಿಂದ ಒಬ್ಬ ಹುಡುಗಿ ಬಂದಿದ್ದಳು. ಪ್ರಬಂಧ ಚೆನ್ನಾಗಿತ್ತು, ಕಾವೇರಿ ನಾಲೆ ಬಂದಮೇಲೆ ಊರುಗಳು ಹೇಗೆ ಬದಲಾದವು ಅಂತ. "ಪರಿವಿಡಿ ಮಾತ್ರ ಕೈಯಲ್ಲೇ ಟೈಪ್ ಮಾಡಿದೀನಿ ಸಾರ್, ಪೇಜ್ ನಂಬರ್ ಮ್ಯಾಚ್ ಆಗ್ತಿಲ್ಲ, ಅದೊಂದು ನೋಡ್ಬಿಡಿ" ಅಂದಳು. ಇನ್ಸರ್ಟ್ ಎಫ್7 ಒತ್ತಿದೆ. ಫೈಲಿನಲ್ಲಿರೋ ತಲೆಬರಹಗಳ ಪಟ್ಟಿ ಕೊಡೋ ಕೀ ಅದು. ದಪ್ಪ ಪ್ರಬಂಧ, ಪಟ್ಟಿಯಲ್ಲಿ ಒಂದು ತಲೆಬರಹವೂ ಇರಲಿಲ್ಲ.

"ಹೆಡ್ಡಿಂಗೇ ಇಲ್ವಲ್ಲಮ್ಮ ಇದರಲ್ಲಿ."

"ಇದಾವಲ್ಲ ಸಾರ್, ಇಲ್ಲೇ ಇದೆ, ದಪ್ಪಕ್ಕೆ, ಹದಿನಾರು ಪಾಯಿಂಟು."

"ದಪ್ಪ ಇದೆ. ಹೆಡ್ಡಿಂಗ್ ಇಲ್ಲ."

ಅವಳಿಗೆ ಕೋಪವೂ ಬಂತು, ನಗುವೂ ಬಂತು. ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ ತೋರಿಸಿದೆ. ಅಧ್ಯಾಯದ ಹೆಸರಿನ ಮೇಲೆ ಹೋಗಿ ಕಂಟ್ರೋಲ್ ಆಲ್ಟ್ 1. ಅದರೊಳಗಿನ ಭಾಗಕ್ಕೆ ಕಂಟ್ರೋಲ್ ಆಲ್ಟ್ 2. ಅದರೊಳಗಿನದಕ್ಕೆ 3. ಮಾಮೂಲಿ ಪ್ಯಾರಾಕ್ಕೆ ಕಂಟ್ರೋಲ್ ಶಿಫ್ಟ್ ಎನ್. ಮೈಗೆ ಮೆತ್ತಿಕೊಂಡಿರೋ ಹಳೆಯ ಬೋಲ್ಡು, ಬಣ್ಣ, ಸೈಜು ಉದುರಬೇಕು ಅಂದರೆ ಸೆಲೆಕ್ಟ್ ಮಾಡಿ ಕಂಟ್ರೋಲ್ ಸ್ಪೇಸ್. ಪ್ಯಾರಾಕ್ಕೆ ಎಳೆದ ಅಡ್ಡಾದಿಡ್ಡಿ ಇಂಡೆಂಟು ಹೋಗಬೇಕಾದರೆ ಕಂಟ್ರೋಲ್ ಕ್ಯೂ. ಎಲ್ಲ ಅಧ್ಯಾಯಕ್ಕೂ ಹೀಗೆ ಹಾಕಿ ಮುಗಿಸಿ, ಮತ್ತೆ ಇನ್ಸರ್ಟ್ ಎಫ್7 ಒತ್ತಿದರೆ ಈಗ ಪ್ರಬಂಧದ ಇಡೀ ಅಸ್ಥಿಪಂಜರ ಒಂದರ ಕೆಳಗೊಂದು. ಆಲ್ಟ್, ಎಸ್, ಟಿ ಅಂತ ಒತ್ತಿ ಪರಿವಿಡಿ ಹಾಕಿದೆ. ಪುಟಸಂಖ್ಯೆ ಸಮೇತ ತಾನೇ ಬಂತು. ಮುಂದೆ ಏನು ಬದಲಾದರೂ ಪರಿವಿಡಿ ಮೇಲೆ ಹೋಗಿ ಎಫ್9 ಒತ್ತಿದರೆ ಸಾಕು.

"ಇಷ್ಟೇನಾ?" ಅಂದಳು. ಇಷ್ಟೇ. ಪರಿವಿಡಿಯಲ್ಲಿ ಕೇಳಿದಾಗ ಅವಳಿಗೇ ಇನ್ನೊಂದು ಗೊತ್ತಾಯಿತು, ಮೂರನೇ ಅಧ್ಯಾಯದಲ್ಲಿ ಇರಬೇಕಾದ ಒಂದು ಭಾಗ ಐದರಲ್ಲಿ ಕೂತಿದೆ ಅಂತ. ಅದನ್ನು ಎತ್ತಿ ಅಲ್ಲಿಗೆ ಇಟ್ಟಳು. ವರ್ಷಗಟ್ಟಲೆ ಅದೇ ಫೈಲನ್ನು ಸ್ಕ್ರೋಲ್ ಮಾಡಿ ಮಾಡಿ ನೋಡಿದವಳು ಅವಳು. ಪ್ರಬಂಧದ ಆಕಾರ ಅವಳ ಕಣ್ಣಿಗೆ ಬಿದ್ದಿರಲಿಲ್ಲ, ಯಾಕೆಂದರೆ ಪರದೆಯಲ್ಲಿ ಒಮ್ಮೆಗೆ ಕಾಣೋದು ಒಂದು ಪುಟ, ಅರ್ಧ ಪುಟ.

ಇಂಗ್ಲಿಷ್ ಫೈಲು ಅಂದರೆ ಇಷ್ಟಕ್ಕೆ ಮುಗಿಯಿತು. ಕನ್ನಡದ್ದು ಅಂದರೆ ಮೊದಲು ಇನ್ನೊಂದು ಬಾಗಿಲು ಒಡೆಯಬೇಕು.

ಮಂಡ್ಯದಿಂದ ಒಬ್ಬ ನಿವೃತ್ತ ಮೇಷ್ಟ್ರು ರೈಲಿನಲ್ಲಿ ಬಂದಿದ್ದರು. ಪೆನ್‌ಡ್ರೈವಿನಲ್ಲಿ ಅವರ ಪುಸ್ತಕ. ಅವರೂರಿನ ಹಳೆಯ ವಿಷಯಗಳು, ಆಲೆಮನೆ, ಗದ್ದೆ, ಜಾತ್ರೆ, ಶಾಲೆ ಕಟ್ಟಿದ್ದು. ಅಲ್ಲಿನ ಒಂದು ಅಂಗಡಿಯಲ್ಲಿ ಟೈಪ್ ಮಾಡಿಸಿದ್ದರು. "ಅಲ್ಲ ಕಣಪ್ಪಾ, ನಿಂಗೆ ಕಾಣಾಕಿಲ್ವಲ್ಲ, ಅದೆಂಗ್ ಸರಿ ಮಾಡೀಯೆ?" ಅಂತ ನೇರವಾಗಿ ಕೇಳಿದರು. ಹೀಗೆ ಕೇಳೋರು ನನಗೆ ಇಷ್ಟ. ಮುಖ ಆ ಕಡೆ ತಿರುಗಿಸಿ ಭಾವನನ್ನು ಕೇಳೋರಿಗಿಂತ ಸಾವಿರ ಪಾಲು ವಾಸಿ.

"ಕಿವಿಯಲ್ಲಿ ಓದ್ತೀನಿ ಮೇಷ್ಟ್ರೇ, ಕೇಳಿ ನೀವೂ" ಅಂತ ಹೆಡ್‌ಫೋನ್ ತೆಗೆದು ಸ್ಪೀಕರ್ ಹಾಕಿದೆ. ಫೈಲ್ ತೆರೆದೆ. ಅವರ ಪುಸ್ತಕದಲ್ಲಿ ಕನ್ನಡ ಅನ್ನೋ ಪದ ಬಂದ ಕಡೆ ಅಕ್ಷರ ಅಕ್ಷರವಾಗಿ ಹೋದರೆ ಕೇಳಿದ್ದು ಇದು: ಪಿ, ಎ ಗ್ರೇವ್, ಪೌಂಡ್, ಎ ಗ್ರೇವ್, ಶಾರ್ಪ್ ಎಸ್, ಕ್ಯೂ, ಎ ಗ್ರೇವ್.

ಮೇಷ್ಟ್ರು ಗಾಬರಿಯಾದರು. "ಇದೇನಪ್ಪಾ ಇದು, ನಾನು ಬರ್ದಿರಾದಲ್ಲ ಇದು!"

ಅವರು ಬರೆದದ್ದೇ. ಟೈಪ್ ಮಾಡಿದ್ದು ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆಯ ಫಾಂಟಿನಲ್ಲಿ, ಅಷ್ಟೇ. ಆ ಕಾಲದ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆ ಇಟ್ಟಿದ್ದ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಪರದೆ ಮೇಲೆ ಮುದ್ದಾದ ಕನ್ನಡ. ಫೈಲಿನೊಳಗೆ ಇರೋದು ಪಿ, ಪೌಂಡ್ ಚಿಹ್ನೆ, ಕ್ಯೂ. ಸ್ಕ್ರೀನ್ ರೀಡರ್ ಚಿತ್ರ ನೋಡೋದಿಲ್ಲ, ಒಳಗಿರೋದನ್ನೇ ಓದುತ್ತದೆ. ಒಂದೊಂದು ಭಾಷೆಯ ಅಕ್ಷರಕ್ಕೂ ಬೇರೆ ಬೇರೆ ಸಂಖ್ಯೆ ಕೊಡೋ ಯೂನಿಕೋಡ್ ಅನ್ನೋ ಪದ್ಧತಿ ಬಂದಮೇಲೆ ಕನ್ನಡಕ್ಕೆ ಅದರದ್ದೇ ಜಾಗ ಸಿಕ್ಕಿತು, ಕ ಅಂದರೆ ಯಾವ ಫಾಂಟಿನಲ್ಲಿದ್ದರೂ ಕ. ನುಡಿಯ ಹೊಸ ಆವೃತ್ತಿಗಳೂ ಯೂನಿಕೋಡ್ ಕೊಡುತ್ತವೆ. ಆದರೆ ಡಿಟಿಪಿ ಅಂಗಡಿಗಳಲ್ಲಿ ಕೈ ಕೂತುಹೋಗಿದೆ, ಬಿಡೋದಿಲ್ಲ.

ನುಡಿಯನ್ನು ಬೈಯೋದಕ್ಕೆ ಹೇಳುತ್ತಿಲ್ಲ. ಕನ್ನಡ ಗಣಕ ಪರಿಷತ್ತು ಅದನ್ನು ಮಾಡಿದ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ. ಅದರ ಕೀಲಿಮಣೆಗೆ ಆಧಾರ ಕೆ.ಪಿ. ರಾವ್ ಅವರ ವಿನ್ಯಾಸ, ಅದು ನನಗೆ ಸಿಕ್ಕ ದೊಡ್ಡ ಉಪಕಾರ. ಕ ಬೇಕಾದರೆ ಕೆ, ಗ ಬೇಕಾದರೆ ಜಿ, ಮಹಾಪ್ರಾಣಕ್ಕೆ ಶಿಫ್ಟು, ಒತ್ತು ಕೊಡೋಕೆ ಎಫ್. ಕೀಬೋರ್ಡಿನಲ್ಲಿ ಎಫ್ ಮತ್ತು ಜೆ ಮೇಲೆ ಸಣ್ಣ ಗೀರು ಇರುತ್ತದಲ್ಲ, ತೋರುಬೆರಳು ಅಲ್ಲಿಟ್ಟರೆ ಉಳಿದದ್ದು ತಾನೇ ಸಿಗುತ್ತದೆ. ಕನ್ನಡ ಟೈಪಿಂಗಿಗೆ ಕಣ್ಣು ಬೇಕಾಗೋದೇ ಇಲ್ಲ.

ಮೇಷ್ಟ್ರ ಫೈಲಿಗೆ ಬರೋಣ. ನುಡಿಯಿಂದ ಯೂನಿಕೋಡಿಗೆ ಬದಲಿಸೋ ಕನ್ವರ್ಟರ್‌ಗಳಿವೆ. ಇಡೀ ಫೈಲನ್ನು ಅದಕ್ಕೆ ಹಾಕಿದರೆ ಆಯಿತು ಅಂತ ಅಂಗಡಿ ಹುಡುಗರು ಹೇಳುತ್ತಾರೆ. ಆಗೋದಿಲ್ಲ. ಮಧ್ಯೆ ಮಧ್ಯೆ ನಿಜವಾದ ಇಂಗ್ಲಿಷ್ ಪದಗಳು ಇರುತ್ತವೆ, ಇಸವಿಯ ಪಕ್ಕ ಒಂದು ಇಲಾಖೆಯ ಹೆಸರು, ಒಂದು ಕಂಪನಿಯ ಹೆಸರು. ಕನ್ವರ್ಟರ್‌ಗೆ ಯಾವುದು ಇಂಗ್ಲಿಷ್, ಯಾವುದು ಇಂಗ್ಲಿಷಿನ ವೇಷದಲ್ಲಿರೋ ಕನ್ನಡ ಅಂತ ಗೊತ್ತಾಗೋದಿಲ್ಲ. ಎಲ್ಲವನ್ನೂ ಕನ್ನಡ ಮಾಡುತ್ತದೆ. ಒಳ್ಳೆಯ ಇಂಗ್ಲಿಷ್ ಹೆಸರು ಹೋಗಿ ಅರ್ಥವಿಲ್ಲದ ಕನ್ನಡ ಅಕ್ಷರಗಳ ಮುದ್ದೆ ಆಗುತ್ತದೆ.

ಇಲ್ಲಿ ನನ್ನ ಇನ್ಸರ್ಟ್ ಎಫ್ ಕೈ ಹಿಡಿಯುತ್ತದೆ. ಪದ ಅರ್ಥ ಆಗದಿದ್ದರೂ ಫಾಂಟಿನ ಹೆಸರು ಸುಳ್ಳು ಹೇಳೋದಿಲ್ಲ. "ನುಡಿ ಜೀರೋ ಒನ್ ಇ" ಅಂದರೆ ಕನ್ನಡ. "ಟೈಮ್ಸ್ ನ್ಯೂ ರೋಮನ್" ಅಂದರೆ ಇಂಗ್ಲಿಷ್. ವರ್ಡ್‌ನ ಫೈಂಡ್ ಅಂಡ್ ರೀಪ್ಲೇಸ್‌ನಲ್ಲಿ ಪದ ಟೈಪ್ ಮಾಡದೆ ಬರಿ ಫಾಂಟು ಕೊಟ್ಟೂ ಹುಡುಕಬಹುದು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಟೈಮ್ಸ್ ಇರೋ ಕಡೆಯೆಲ್ಲ ಮೊದಲು ಹುಡುಕಿ, ಆ ಪದಗಳನ್ನು ಬೇರೆ ಎತ್ತಿಟ್ಟು, ಉಳಿದದ್ದನ್ನು ಬದಲಿಸಿ, ಮತ್ತೆ ಒಂದೊಂದನ್ನೇ ಅದರದರ ಜಾಗಕ್ಕೆ ಸೇರಿಸಿದೆ. ಬೇಜಾರಿನ ಕೆಲಸ. ಆದರೆ ಮುಗಿದಮೇಲೆ ಕನ್ನಡ ದನಿ ಹಾಕಿ ಮೊದಲ ಪ್ಯಾರಾ ಓದಿಸಿದಾಗ, ಆ ದನಿ ಸ್ವಲ್ಪ ಯಂತ್ರದ್ದೇ, ಒತ್ತಕ್ಷರಕ್ಕೆಲ್ಲ ಮುಗ್ಗರಿಸುತ್ತೆ, ಆದರೂ ಆಲೆಮನೆ ಆಲೆಮನೆಯಾಗಿಯೇ ಬಂತು. "ಈಗ ನಂದು ಕಣಪ್ಪಾ" ಅಂದರು ಮೇಷ್ಟ್ರು. ಪೂರ್ತಿ ಅಧ್ಯಾಯ ಕೇಳಿಸಿಕೊಂಡೇ ಎದ್ದರು. ಕೇಳುತ್ತಾ ಕೇಳುತ್ತಾ "ಅಲ್ಲಿ ಬ್ಯಾಡ, ಆ ಮಾತು ತೆಗ್ದಾಕು" ಅಂತ ತಿದ್ದಿಸಿದ್ದೂ ಆಯಿತು.

ಕನ್ನಡ ಫೈಲಿನಲ್ಲಿ ಇನ್ನೊಂದು ಉಪದ್ರ ಇದೆ, ಅದನ್ನು ಬಿಡಿಸಿ ಹೇಳಬೇಕು. ವರ್ಡ್‌ನಲ್ಲಿ ಸಾಲಿನ ಅಂತರಕ್ಕೆ ಹಲವು ಬಗೆ ಇವೆ. ಸಿಂಗಲ್, ಒಂದೂವರೆ, ಡಬಲ್. ಇವು ಅಕ್ಷರದ ಎತ್ತರಕ್ಕೆ ತಕ್ಕಂತೆ ಹಿಗ್ಗುತ್ತವೆ. ಇವಲ್ಲದೆ ಎಗ್ಸಾಕ್ಟ್‌ಲಿ ಅಂತ ಒಂದಿದೆ. ಅದಕ್ಕೆ 12 ಪಾಯಿಂಟ್ ಅಂತ ಕೊಟ್ಟರೆ 12 ಪಾಯಿಂಟೇ, ಅಕ್ಷರ ಸಾಯಲಿ ಬದುಕಲಿ. ಇಂಗ್ಲಿಷಿಗೆ ಸರಿಹೋಗಬಹುದು. ಕನ್ನಡ ಹಾಗಲ್ಲವಲ್ಲ. ಕೆಳಗೆ ಒತ್ತು ಇರುತ್ತದೆ, ಒಮ್ಮೊಮ್ಮೆ ಒತ್ತಿನ ಕೆಳಗೆ ಇನ್ನೊಂದು ಒತ್ತು. ಮೇಲೆ ಗುಡಿಸು. ಸ್ತ್ರೀ ಅನ್ನೋ ಪದಕ್ಕೇ ಎಷ್ಟು ಜಾಗ ಬೇಕು ಯೋಚಿಸಿ. ಸಾಲನ್ನು ಬಿಗಿ ಮಾಡಿದರೆ ಕೆಳಗಿನದು ಕತ್ತರಿಸಿ ಹೋಗುತ್ತದೆ. ಪುಟ ಉಳಿಸೋಕೆ ಯಾರೋ ಎಗ್ಸಾಕ್ಟ್‌ಲಿ ಹಾಕಿರುತ್ತಾರೆ, ಕಣ್ಣಿದ್ದವರು "ಯಾಕೋ ಫಾಂಟು ಸರಿಯಿಲ್ಲ" ಅಂತ ಫಾಂಟು ಬದಲಿಸುತ್ತಾ ಕೂರುತ್ತಾರೆ. ತುಂಗಾ ಹಾಕಿ ನೋಡುತ್ತಾರೆ, ನಿರ್ಮಲಾ ಹಾಕಿ ನೋಡುತ್ತಾರೆ. ಅಕ್ಷರ ಕತ್ತರಿಸಿದೆ ಅಂತ ನನ್ನ ಕಂಪ್ಯೂಟರ್ ಹೇಳೋದಿಲ್ಲ, ಅದಕ್ಕೂ ಕಾಣೋದಿಲ್ಲ. ಸಾಲಿನ ಅಂತರ ಎಷ್ಟು, ಯಾವ ಬಗೆಯದು ಅಂತ ಹೇಳುತ್ತದೆ. ನನಗೆ ಅಷ್ಟು ಸಾಕು. ಕನ್ನಡ ಫೈಲು ಬಂದರೆ ಎಲ್ಲವನ್ನೂ ಸೆಲೆಕ್ಟ್ ಮಾಡಿ ಮೊದಲು ಕಂಟ್ರೋಲ್ 5, ಅಂದರೆ ಒಂದೂವರೆ ಅಂತರ. ಮುಂದಿನದು ಆಮೇಲೆ.

ಫಾಂಟಿನ ಸೈಜಿನಲ್ಲೂ ಇಂಥದ್ದೇ ಒಂದು ತಿರುವು. ಕಂಟ್ರೋಲ್ ಡಿ ಒತ್ತಿದರೆ ಬರೋ ಫಾಂಟ್ ಡೈಲಾಗ್‌ನಲ್ಲಿ ಇಂಗ್ಲಿಷಿನಂಥ ಲಿಪಿಗೆ ಒಂದು ಜಾಗ, ಕನ್ನಡದಂಥ ಕಾಂಪ್ಲೆಕ್ಸ್ ಸ್ಕ್ರಿಪ್ಟ್‌ಗೆ ಬೇರೆ ಜಾಗ. ಮೇಲಿನದನ್ನು ಎಷ್ಟು ಬದಲಿಸಿದರೂ ಕನ್ನಡ ಜಪ್ಪಯ್ಯ ಅನ್ನೋದಿಲ್ಲ. ಇಲಿ ಹಿಡಿದು ಕ್ಲಿಕ್ ಮಾಡೋರು ಮೇಲಿನದನ್ನೇ ಒತ್ತಿ ಒತ್ತಿ ಕಂಪ್ಯೂಟರ್‌ಗೆ ವೈರಸ್ ಬಂದಿದೆ ಅಂತ ತೀರ್ಮಾನಕ್ಕೆ ಬರುತ್ತಾರೆ. ನಾನು ಟ್ಯಾಬ್ ಒತ್ತುತ್ತಾ ಆ ಡೈಲಾಗ್‌ನ ಮನೆ ಮನೆಗೂ ಹೋಗಲೇಬೇಕು, ಯಾವುದನ್ನೂ ಹಾರಿಸಿಕೊಂಡು ಹೋಗೋಕೆ ಆಗೋದಿಲ್ಲ. ಹಾಗಾಗಿ ಎರಡನೇ ಜಾಗ ನನಗೆ ಸಿಕ್ಕೇ ಸಿಗುತ್ತದೆ.

ಎಲ್ಲ ನನ್ನಿಂದ ಆಗುತ್ತದೆ ಅಂತ ಜಂಬ ಇಲ್ಲ. ಚಿತ್ರಗಳು ಬಂದರೆ ಕಷ್ಟ. ಚಿತ್ರವನ್ನು ಸಾಲಿನೊಳಗೇ ಒಂದು ಅಕ್ಷರದಂತೆ ಕೂರಿಸಿದ್ದರೆ ನನಗೆ ಎಲ್ಲಿದೆ ಅಂತ ಗೊತ್ತಾಗುತ್ತದೆ, ಪ್ಯಾರಾ ಜೊತೆ ಅದೂ ಸರಿಯುತ್ತದೆ. ಎಲ್ಲೆಂದರಲ್ಲಿ ತೇಲಾಡೋ ಹಾಗೆ ಬಿಟ್ಟಿದ್ದರೆ ಅದು ಯಾವ ವಾಕ್ಯದ ನೆತ್ತಿ ಮೇಲೆ ಕೂತಿದೆಯೋ ಹೇಳೋಕಾಗಲ್ಲ. ನಾನು ತೇಲೋದನ್ನೆಲ್ಲ ಸಾಲಿಗೆ ಕಟ್ಟಿಹಾಕಿ, ಕೆಳಗೆ ಶೀರ್ಷಿಕೆ ಹಾಕುತ್ತೇನೆ. ಚಿತ್ರದಲ್ಲಿ ಏನಿದೆ ಅಂತ ಆಲ್ಟ್ ಟೆಕ್ಸ್ಟ್ ಬರೆದುಕೊಡಿ ಅಂತ ಗಿರಾಕಿಗೆ ಹೇಳುತ್ತೇನೆ. ಹೆಚ್ಚಿನವರು "ಫೋಟೋ" ಅಂತ ಬರೆದು ಕಳಿಸುತ್ತಾರೆ. ಫೋಟೋ ಅಂತ ನನಗೂ ಗೊತ್ತಪ್ಪಾ.

ಟೇಬಲ್ ನಿಜವಾದ ಟೇಬಲ್ ಆಗಿದ್ದರೆ ಖುಷಿ. ಕಂಟ್ರೋಲ್ ಆಲ್ಟ್ ಜೊತೆ ಬಾಣದ ಕೀ ಒತ್ತಿಕೊಂಡು ಸಾಲು, ಕಂಬ ಅಂತ ಎಣಿಸಿಕೊಂಡು ತಿರುಗಾಡಬಹುದು. ಮೂರು ಮನೆ ಸೇರಿಸಿ ಒಂದು ಮಾಡಿದ್ದರೆ ಅಲ್ಲಿ ಸ್ವಲ್ಪ ದಾರಿ ತಪ್ಪುತ್ತದೆ. ಟ್ಯಾಬ್ ಹೊಡೆದು ಟೇಬಲ್ ಅಂತ ಕರೆದಿದ್ದರೆ, ಅದರ ಬಗ್ಗೆ ಮಾತಾಡದಿರೋದೇ ಒಳ್ಳೆಯದು.

ಕೊನೆಯಲ್ಲಿ ತಂಗಿ ಮಗಳು ಪಿಡಿಎಫ್ ತೆರೆದು ಒಂದು ಸಲ ಕಣ್ಣಾಡಿಸುತ್ತಾಳೆ. ಹತ್ತನೇ ಕ್ಲಾಸು, ಬಾಯಿ ಜೋರು. "ಮಾಮಾ, ಈ ಪೇಜಲ್ಲಿ ಕೆಳಗೆ ಒಂದೇ ಸಾಲು ಉಳ್ಕೊಂಡಿದೆ, ಚೆನ್ನಾಗಿಲ್ಲ" ಅನ್ನುತ್ತಾಳೆ. "ಇಲ್ಲಿ ಕೆಂಪು ಯಾಕೆ, ಕಣ್ಣು ಚುಚ್ಚುತ್ತೆ." ಅವಳು ಹೇಳೋದನ್ನು ನಾನು ಪೂರ್ತಿ ಒಪ್ಪಿಕೊಳ್ಳುತ್ತೇನೆ, ಅಂದದ ವಿಷಯದಲ್ಲಿ ನನಗೆ ವಾದ ಮಾಡೋಕೆ ಬಂಡವಾಳ ಇಲ್ಲ. ಆದರೆ ಈಗೀಗ ಅವಳೂ ತನ್ನ ಶಾಲೆಯ ಪ್ರಾಜೆಕ್ಟಿಗೆ ಮೊದಲು ಹೆಡ್ಡಿಂಗ್ ಸ್ಟೈಲ್ ಹಾಕುತ್ತಾಳೆ, ಫ್ರೆಂಡ್ಸ್ ಫೈಲುಗಳಲ್ಲಿ ಸ್ಪೇಸ್ ಕಂಡರೆ ನನಗೆ ದೂರು ತರುತ್ತಾಳೆ.

ಇನ್ನು ದುಡ್ಡಿನ ಮಾತು. ಡಿಟಿಪಿಯವರು ಪುಟಕ್ಕಿಷ್ಟು ಅಂತ ತಗೋತಾರೆ. ನಾನು ಮೊದಲು ಫೈಲ್ ತರಿಸಿಕೊಂಡು ಶುರುವಿನ ಕೆಲವು ಪುಟ ಕೇಳುತ್ತೇನೆ. ಪೀಂ ಪೀಂ ಇಲ್ಲ, ಬ್ಲ್ಯಾಂಕ್ ಬ್ಲ್ಯಾಂಕ್ ಇಲ್ಲ, ಇನ್ಸರ್ಟ್ ಎಫ್7 ಒತ್ತಿದರೆ ತಲೆಬರಹ ಸಿಗುತ್ತವೆ ಅಂದರೆ ಒಂದು ರೇಟು. ಇಲ್ಲದಿದ್ದರೆ ಇನ್ನೊಂದು. ಹಳೆಯ ನುಡಿ ಫಾಂಟು ಆದರೆ ಮೂರನೆಯದು, ಅದರಲ್ಲಿ ಚೌಕಾಸಿ ಇಲ್ಲ. "ಎಲ್ಲ ಟೈಪ್ ಆಗಿರೋದೇ ಅಲ್ವಾ ಸಾರ್, ಸುಮ್ನೆ ಸ್ವಲ್ಪ ಸೆಟ್ ಮಾಡ್ಕೊಡಿ, ಅರ್ಧ ಗಂಟೆ ಕೆಲ್ಸ" ಅಂತ ಶುರು ಮಾಡುತ್ತಾರೆ. ಆಗ ನಾನು ವಾದ ಮಾಡೋದಿಲ್ಲ. ಸ್ಪೀಕರ್ ದನಿ ಜಾಸ್ತಿ ಮಾಡಿ ಅವರದೇ ಮೊದಲ ಪುಟದ ಮೇಲೆ ಬಾಣದ ಕೀ ಒತ್ತುತ್ತಾ ಇಳಿಯುತ್ತೇನೆ. ಎರಡನೇ ಪುಟ ಮುಟ್ಟೋದರೊಳಗೆ ರೇಟು ಒಪ್ಪಿಗೆ ಆಗಿರುತ್ತದೆ.